ಬಿಲ ತೋಡುವ ಮೀನಿಗೆ ಒಂದೂವರೆ ಇಂಚು ಮರಳು ಸಾಲದು

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲಾಟಿನಲ್ಲಿದ್ದೇವೆ. ಉಪ್ಪುನೀರಿನ ಟ್ಯಾಂಕ್ ಇಟ್ಟು 14 ತಿಂಗಳಾಯಿತು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎರಡು ಕ್ಲೌನ್ ಫಿಶ್, ಮೂರು ನೀಲಿ ಡ್ಯಾಮ್ಸೆಲ್, ಒಂದು ಕ್ಲೀನರ್ ಸೀಗಡಿ ಇವೆ. ಸಕ್ಕರೆಯಂಥ ಸಣ್ಣ ಮರಳು ಒಂದೂವರೆ ಇಂಚು ಹಾಕಿದ್ದೇನೆ. ಹಳದಿ ತಲೆಯ ಜಾಫಿಶ್ ಬಿಲ ತೋಡುವ ವಿಡಿಯೊ ನೋಡಿ ಆಸೆಪಟ್ಟು ಒಂದು ತಂದೆ. ನಾಲ್ಕನೇ ದಿನ ಬೆಳಗ್ಗೆ ಅದು ಟ್ಯಾಂಕಿನ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಎರಡನೆಯದು ಬಂದು 12 ದಿನ. ಹಿಂದಿನ ಮೂಲೆಯಲ್ಲಿ ಕಲ್ಲಿಗೆ ಒತ್ತಿಕೊಂಡು ಕೂತಿದೆ. ಊಟಕ್ಕೂ ಸರಿಯಾಗಿ ಬರುವುದಿಲ್ಲ. ಮೊನ್ನೆ ಕಲ್ಲಿನ ಕೆಳಗಿನ ಮರಳು ತೆಗೆದು ಕಲ್ಲೇ ಜಾರಿತು. ಮರಳು ಜಾಸ್ತಿ ಹಾಕೋಣ ಅಂದರೆ, ಆಳವಾದ ಮರಳಿನಲ್ಲಿ ವಿಷದ ಗ್ಯಾಸ್ ಬಂದು ಎಲ್ಲ ಮೀನೂ ಸಾಯುತ್ತವೆ ಅಂತ ಅಂಗಡಿಯವರು ಹೆದರಿಸುತ್ತಾರೆ. ಒಬ್ಬ ಸ್ನೇಹಿತ ಪೈಪ್ ಹಾಕು ಅಂತಾನೆ, ಇನ್ನೊಬ್ಬ ಪಿಸ್ತೂಲ್ ಸೀಗಡಿ ತಾ ಅಂತಾನೆ. ಮಲ್ಪೆಗೆ ಹೋದಾಗ ಅಲ್ಲಿನ ಮರಳು ತರಬಹುದಾ? ಇದಕ್ಕೆ ಕಾಯಿಲೆ ಇದೆಯಾ? ಜೊತೆ ತಂದರೆ ಸರಿಹೋಗುತ್ತದಾ? ನೀಲಿ ಚುಕ್ಕೆಯ ಜಾಫಿಶ್ ಇನ್ನೂ ಚೆಂದ ಅಂತಾರೆ, ಅದನ್ನು ಸಾಕಬಹುದಾ?

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಮೀನಿಗೆ ಇರುವ ತೊಂದರೆ ಕಾಯಿಲೆಯದ್ದಲ್ಲ ಅನಿಸುತ್ತದೆ. ಅದಕ್ಕೆ ಮನೆ ಇಲ್ಲ. ಮೊದಲನೆಯದು ಹಾರಿ ಸತ್ತಿದ್ದೂ ಹೆಚ್ಚಾಗಿ ಅದೇ ಕಾರಣಕ್ಕೆ. ಎರಡೂ ಕಥೆ ಶುರುವಾಗುವುದು ಮರಳಿನಿಂದ.

ಈ ಮೀನು ನಮ್ಮ ಕಡಲಿನದ್ದಲ್ಲ. ಫ್ಲೋರಿಡಾ, ಬಹಾಮಾಸ್, ಕೆರಿಬಿಯನ್ ದ್ವೀಪಗಳ ಸುತ್ತಮುತ್ತಲಿನದ್ದು. ವೈಜ್ಞಾನಿಕ ಹೆಸರು ಒಪಿಸ್ಟೋಗ್ನಾತಸ್ ಆರಿಫ್ರಾನ್ಸ್. ಬೆಳೆದರೆ ಸುಮಾರು 10 ಸೆಂಟಿಮೀಟರ್, ನಿಮ್ಮ ಅಂಗೈಯಷ್ಟು. ಅಲ್ಲಿ ಹವಳದ ದಿಬ್ಬಗಳ ಪಕ್ಕ ಮರಳು, ಚಿಪ್ಪಿನ ಚೂರು, ಸಣ್ಣ ಕಲ್ಲು ಎಲ್ಲ ಬೆರೆತ ಬಯಲು ಇರುತ್ತದೆ. ಅಂಥ ಕಡೆ ಒಂದೊಂದು ಮೀನು ಒಂದೊಂದು ಬಿಲ ತೋಡಿಕೊಂಡು ಗುಂಪಾಗಿ ಬದುಕುತ್ತವೆ. ಹಗಲೆಲ್ಲ ಬಿಲದ ಮೇಲೆ ಬಾಲ ಕೆಳಗೆ, ತಲೆ ಮೇಲೆ ಮಾಡಿ ನೇರ ನಿಂತು, ನೀರಿನಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹೆದರಿದರೆ ಬಾಲ ಮುಂದು ಮಾಡಿ ಸರ್‍ರನೆ ಒಳಗೆ. ಕತ್ತಲಾದರೆ ಒಂದು ಕಲ್ಲನ್ನೋ ಚಿಪ್ಪನ್ನೋ ಬಾಯಿಂದ ಎಳೆದು ಬಾಗಿಲು ಹಾಕಿಕೊಂಡು ಮಲಗುತ್ತದೆ. ಪಕ್ಕದ ಬಿಲದವನ ಕಲ್ಲು ಕದಿಯುವುದೂ ಉಂಟು.

ಇಂಥ ಮೀನಿಗೆ ಬಿಲ ಅಂದರೆ ಸುಮ್ನೆ ಮಲಗುವ ಜಾಗ ಅಲ್ಲ. ಓಡಿಹೋಗಿ ಅಡಗಲು ಒಂದು ತೂತಿದೆ ಅನ್ನುವ ಧೈರ್ಯದ ಮೇಲೆಯೇ ಅದು ಹೊರಗೆ ಬಂದು ಉಣ್ಣುತ್ತದೆ. ತೂತಿಲ್ಲದಿದ್ದರೆ ಧೈರ್ಯವಿಲ್ಲ, ಧೈರ್ಯವಿಲ್ಲದಿದ್ದರೆ ಊಟವಿಲ್ಲ. ರಾತ್ರಿ ಲೈಟ್ ಪಟ್ಟನೆ ಆರಿದಾಗಲೋ, ಡ್ಯಾಮ್ಸೆಲ್ ಅಟ್ಟಿಸಿಕೊಂಡು ಬಂದಾಗಲೋ ಕೆಳಗೆ ಹೋಗಲು ದಾರಿ ಇಲ್ಲ ಅಂದರೆ ಉಳಿಯುವುದು ಮೇಲಿನ ದಾರಿ ಒಂದೇ. ಹಾಗೆ ಹಾರಿ ನೆಲಕ್ಕೆ ಬೀಳುತ್ತದೆ.

ಅದಕ್ಕೇ ಉಳಿದ ಮಾತಿಗೆ ಹೋಗುವ ಮೊದಲು ಒಂದು ಕೆಲಸ. ಇದನ್ನು ಓದಿದ ಮೇಲೆ ಇವತ್ತೇ ಟ್ಯಾಂಕಿನ ಮೇಲೆ ಬಲೆ ಹಾಕಿ. ಕಿಟಕಿಗೆ ಹಾಕುವ ಸೊಳ್ಳೆ ಪರದೆಯಾದರೂ ಸದ್ಯಕ್ಕೆ ಸಾಕು, ಆಮೇಲೆ 6 ಮಿಲಿಮೀಟರ್ ಕಣ್ಣಿನ ಪ್ಲಾಸ್ಟಿಕ್ ಬಲೆಯನ್ನು ಚೌಕಟ್ಟಿಗೆ ಕಟ್ಟಿಸಿಕೊಳ್ಳಬಹುದು. ವೈರ್ ಹೋಗುವ ಸಂದಿ, ಫಿಲ್ಟರ್ ನೇತಾಡುವ ಜಾಗ, ನೀರು ಕೆಳಗಿನ ಸಂಪ್‌ಗೆ (ಟ್ಯಾಂಕಿನ ಅಡಿಯ ಫಿಲ್ಟರ್ ತೊಟ್ಟಿಗೆ) ಬೀಳುವ ಬಾಯಿ ಇವನ್ನು ಬಿಡಬೇಡಿ. ಎರಡು ಬೆರಳು ಹೋಗುವ ಸಂದಿ ಇದ್ದರೆ ಈ ಮೀನು ಹೋಯಿತು ಅಂತಲೇ ಲೆಕ್ಕ. ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ ಜಾಫಿಶ್ ಕಾಣೆಯಾಗಿ ಮನೆಯವರು ಸೋಫಾ ಎಲ್ಲ ಎಳೆದು ಹುಡುಕಿದ್ದರು. ಮೂರನೇ ದಿನ ಸಂಪ್‌ನ ಫಿಲ್ಟರ್ ಚೀಲ ತೊಳೆಯಲು ತೆಗೆದಾಗ ಅದರೊಳಗೆ ಕಣ್ಣು ಪಿಳಿಪಿಳಿ ಮಾಡುತ್ತ ಕೂತಿತ್ತು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ.

ಈಗ ಮರಳು. ಒಂದೂವರೆ ಇಂಚಿನಲ್ಲಿ 10 ಸೆಂಟಿಮೀಟರ್ ಮೀನು ಬಿಲ ಮಾಡಲು ಆಗುವುದೇ ಇಲ್ಲ, ಅದು ಸರಳ ಲೆಕ್ಕ. ಕನಿಷ್ಠ 12 ಸೆಂಟಿಮೀಟರ್ ಬೇಕು, 15 ರಿಂದ 18 ಇದ್ದರೆ ಒಳ್ಳೆಯದು. ಆದರೆ ಆಳಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಸಕ್ಕರೆಯಂಥ ಮರಳು ಎಷ್ಟು ಆಳ ಹಾಕಿದರೂ ಬಿಲ ನಿಲ್ಲುವುದಿಲ್ಲ. ಮರಳು ನೆಲದಲ್ಲಿ ಬಾವಿ ತೋಡಿಸಿದವರಿಗೆ ಇದು ಗೊತ್ತು. ತೋಡಿದಷ್ಟೂ ಪಕ್ಕದಿಂದ ಕುಸಿಯುತ್ತದೆ. ಕೊನೆಗೆ ಸಿಮೆಂಟ್ ರಿಂಗ್ ಇಳಿಸಬೇಕು, ಇಲ್ಲ ಒಳಗಿನಿಂದ ಕಲ್ಲು ಕಟ್ಟಬೇಕು. ಜಾಫಿಶ್ ಕಲ್ಲು ಕಟ್ಟುವ ಮೇಸ್ತ್ರಿ. ಬಾಯಲ್ಲಿ ಮರಳು ತುಂಬಿಕೊಂಡು ಬಂದು ಹೊರಗೆ ಉಗುಳುತ್ತದೆ, ಚಿಪ್ಪು, ಕಲ್ಲು ಆರಿಸಿ ತಂದು ಗೋಡೆಗೆ ಜೋಡಿಸುತ್ತದೆ. ನೀವು ಅದಕ್ಕೆ ಮರಳು ಮಾತ್ರ ಕೊಟ್ಟಿದ್ದೀರಿ, ಕಲ್ಲು ಕೊಟ್ಟಿಲ್ಲ. ಪಾಪ, ಕೈಗೆ ಸಿಕ್ಕ ಒಂದೇ ಗಟ್ಟಿ ಸಾಮಾನು ಅಂದರೆ ನಿಮ್ಮ ದೊಡ್ಡ ಕಲ್ಲು. ಅದಕ್ಕೇ ಅದರ ಬುಡಕ್ಕೆ ಹೋಗಿ ಕೆರೆದಿದೆ.

ನಾನು ಮಾಡುವ ಮಿಶ್ರಣ ಹೀಗೆ. ಅರ್ಧ ಭಾಗ ಸಣ್ಣ ಮರಳು. ಉಳಿದರ್ಧದಲ್ಲಿ ರವೆ ಕಾಳಿನಿಂದ ಹಿಡಿದು ಕಡಲೆಕಾಳಿನ ಗಾತ್ರದವರೆಗಿನ ಕಲ್ಲು, ಮುರಿದ ಚಿಪ್ಪು. ಮೇಲಿನಿಂದ ಉಗುರಿನಷ್ಟು ಅಗಲದ ಹತ್ತಿಪ್ಪತ್ತು ಚಪ್ಪಟೆ ಚೂರು. ಎಲ್ಲವೂ ಒಂದೇ ಗಾತ್ರ ಇರಬಾರದು, ಅಷ್ಟೇ ನಿಯಮ. ಗಾಜಿನ ಚೂರಿನಂತೆ ಅಂಚು ಚೂಪಾಗಿದ್ದರೆ ಬೇಡ, ಬಾಯಿ ಗಾಯವಾಗುತ್ತದೆ.

ಮಲ್ಪೆಯ ಮರಳಿನ ವಿಷಯ. ನಮ್ಮ ಕರಾವಳಿಯಲ್ಲಿ ಹೊಯ್ಗೆ ಅನ್ನುವುದು ಹೆಚ್ಚಾಗಿ ನದಿಗಳು ಘಟ್ಟದಿಂದ ಹೊತ್ತು ತಂದದ್ದು. ಸುಣ್ಣದ ಅಂಶ ಕಡಿಮೆ, ಜೊತೆಗೆ ಕಪ್ಪು ಖನಿಜದ ಕಣ, ಬೋಟಿನ ಡೀಸೆಲ್, ಊರಿನ ಕೊಳಚೆ ಏನು ಬೇಕಾದರೂ ಇರಬಹುದು. ಸಮುದ್ರದ ಮರಳು ಅನ್ನುವ ಕಾರಣಕ್ಕೇ ಅದು ಒಳ್ಳೆಯದಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ, ಸುಣ್ಣದ ಅಂಶದ ಅರಗೊನೈಟ್ ಮರಳನ್ನೇ ತನ್ನಿ. ಹವಳದ ಚೂರಂತೂ ಕಡಲತೀರದಿಂದ ಎತ್ತಿಕೊಂಡು ಬರಲೇಬೇಡಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸತ್ತು ಒಣಗಿದ್ದು ಅಂದರೂ ಕಾನೂನು ಬಿಡುವುದಿಲ್ಲ. ಚಿಪ್ಪು ಬೇಕಾದರೆ ಕರಾವಳಿಯ ಅಡುಗೆಮನೆಯಲ್ಲೇ ಇದೆಯಲ್ಲ, ಮರುವಾಯಿ! ಊಟವಾದ ಮೇಲೆ ಎಸೆಯುವ ಚಿಪ್ಪನ್ನು ಬ್ರಷ್ ಹಾಕಿ ಉಜ್ಜಿ, ಬರೀ ನೀರಿನಲ್ಲಿ ಚೆನ್ನಾಗಿ ಕುದಿಸಿ, ನಾಲ್ಕು ಬಿಸಿಲು ಒಣಗಿಸಿ, ಒಡೆದು ಅಂಚು ಉಜ್ಜಿಕೊಳ್ಳಿ. ಮಸಾಲೆಯ ವಾಸನೆ ಸ್ವಲ್ಪವೂ ಉಳಿದಿರಬಾರದು.

ವಿಷದ ಗ್ಯಾಸಿನ ಮಾತು ಪೂರ್ತಿ ಸುಳ್ಳಲ್ಲ. ಅಂಗಡಿಯವರು ಅರ್ಧ ಸತ್ಯ ಹೇಳಿದ್ದಾರೆ. ಮರಳಿನ ಆಳದಲ್ಲಿ ಆಕ್ಸಿಜನ್ ಮುಟ್ಟದ ಪದರ ಇರುತ್ತದೆ. ಅಲ್ಲಿ ಕೊಳೆತ ಊಟ, ಹಿಕ್ಕೆ ಸೇರಿಕೊಂಡರೆ ಒಂದು ಬಗೆಯ ಬ್ಯಾಕ್ಟೀರಿಯಾ ಸಮುದ್ರ ನೀರಿನಲ್ಲಿರುವ ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಗಾಜಿನ ಪಕ್ಕ ಮರಳು ಕಪ್ಪಾಗಿ ಕಾಣುವುದು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಅದೇ. ಅದು ಮೀನಿಗೆ ವಿಷ, ಹೌದು. ಆದರೆ ತಾನಾಗಿ ನಿಧಾನವಾಗಿ ಮೇಲೆ ಬರುವ ಚೂರುಪಾರು ಗ್ಯಾಸ್ ಆಕ್ಸಿಜನ್ ಇರುವ ಪದರ ಮುಟ್ಟಿದ ಕೂಡಲೇ ಬದಲಾಗಿ ನಿರಪಾಯವಾಗುತ್ತದೆ. ಅಪಾಯ ಬರುವುದು ವರ್ಷಗಟ್ಟಲೆ ಮುಟ್ಟದ, ಗಲೀಜು ತುಂಬಿದ ಆಳದ ಮರಳನ್ನು ಒಂದೇ ಸಲ ಅಗೆದು ಕದಡಿದಾಗ. ಟ್ಯಾಂಕ್ ಸ್ಥಳಾಂತರ ಮಾಡುವ ದಿನ ಮೀನು ಸಾಯುವುದು ಬಹಳ ಸಲ ಹೀಗೇ. ಜಾಫಿಶ್ ಇರುವ ಬಿಲದಲ್ಲಿ ಇನ್ನೊಂದು ಅನುಕೂಲ ಇದೆ. ಅದು ಓಡಾಡಿದಷ್ಟೂ ಒಳಗೆ ಹೊಸ ನೀರು ಹೋಗುತ್ತದೆ, ದಿನಾ ಒಂದಿಷ್ಟು ಮರಳು ತಿರುವಿಹಾಕುತ್ತಲೇ ಇರುತ್ತದೆ.

ಹಾಗಂತ ಟ್ಯಾಂಕ್ ಪೂರ್ತಿ 15 ಸೆಂಟಿಮೀಟರ್ ಮರಳು ತುಂಬಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಟ್ಯಾಂಕಿನ ತಳಕ್ಕೆ ಅಷ್ಟು ಹಾಕಬೇಕಾದರೆ ಸುಮಾರು 60 ಲೀಟರ್ ಮರಳು, ತೂಕದಲ್ಲಿ ಹತ್ತಿರಹತ್ತಿರ 90 ಕಿಲೋ. ಸ್ಟ್ಯಾಂಡ್ ಏನನ್ನುತ್ತದೋ ನೋಡಬೇಕು, ಜೇಬು ಏನನ್ನುತ್ತದೆ ಅನ್ನುವುದು ಗೊತ್ತೇ ಇದೆ. ಮೇಲಾಗಿ 14 ತಿಂಗಳ ಹಳೆಯ ಮರಳಿನ ಮೇಲೆ ಹೊಸದನ್ನು ಸುರಿದರೆ ಕೆಳಗಿನ ಗಲೀಜನ್ನು ನೀವೇ ಹೂತಿಟ್ಟ ಹಾಗೆ. ಅಂಗಡಿಯವರು ಹೆದರಿಸಿದ ಗ್ಯಾಸನ್ನು ಕೈಯಾರೆ ತಯಾರು ಮಾಡಿದಂತೆ.

ಒಂದು ಮೂಲೆ ಸಾಕು. ಒಂದು ಅಡಿ ಉದ್ದ, ಒಂದು ಅಡಿ ಅಗಲ, 18 ಸೆಂಟಿಮೀಟರ್ ಎತ್ತರದ ಪಾರದರ್ಶಕ ಡಬ್ಬಿ ತನ್ನಿ. ಆಹಾರ ಇಡುವ ಪ್ಲಾಸ್ಟಿಕ್ ಆದರೂ ಸರಿ, ಅಕ್ರಿಲಿಕ್ ಆದರೂ ಸರಿ. ಮುಂದಿನ ಗಾಜಿಗೆ ತಾಗುವ ಒಂದು ಮೂಲೆಯಲ್ಲಿ ಹಳೆ ಮರಳನ್ನು ನೀರು ಬದಲಿಸುವಾಗ ಪೈಪಿನಿಂದ ನಿಧಾನಕ್ಕೆ ಎಳೆದು ತೆಗೆಯಿರಿ, ಕೆದಕಬೇಡಿ. ಡಬ್ಬಿಯನ್ನು ನೇರ ತಳದ ಗಾಜಿನ ಮೇಲೆ ಕೂರಿಸಿ. ಮಿಶ್ರಣವನ್ನು ಮೊದಲೇ ಬಕೆಟ್‌ನಲ್ಲಿ ನೀರು ತಿಳಿಯಾಗುವವರೆಗೂ ತೊಳೆದು, ಆಮೇಲೆ ತುಂಬಿ. ಇದಕ್ಕೆ 20 ಕಿಲೋಗಿಂತ ಸ್ವಲ್ಪ ಜಾಸ್ತಿ ಸಾಕಾಗುತ್ತದೆ. ಒಂದು ದಿನ ನೀರು ಹಾಲಿನಂತೆ ಆಗಬಹುದು, ಗಾಬರಿ ಬೇಡ. ಡಬ್ಬಿಯ ಹೊರಮೈಗೆ ಚಿಕ್ಕ ಕಲ್ಲು ಒರಗಿಸಿದರೆ ನೋಡಲೂ ಅಸಹ್ಯ ಇರುವುದಿಲ್ಲ.

ಇನ್ನು ದೊಡ್ಡ ಕಲ್ಲು. ಜಾರಿದ್ದು ಈ ಸಲ ಬಿಟ್ಟಿತು, ಮುಂದಿನ ಸಲ ಬಿಡದಿರಬಹುದು. ಜಾಫಿಶ್ ಗಾಜು ಒಡೆಯುತ್ತದೆ ಅಂತ ಒಂದು ಪುಕಾರು ಇದೆ. ಮೀನು ಒಡೆಯುವುದಿಲ್ಲ, ಮರಳಿನ ಮೇಲೆ ಕೂರಿಸಿದ ಕಲ್ಲು ಉರುಳಿ ಒಡೆಯುತ್ತದೆ. ನನ್ನ ಮೊದಲ ಜಾಫಿಶ್ ಸತ್ತಿದ್ದು ಹೀಗೆಯೇ. ಮರಳು ಹಾಕಿ, ಅದರ ಮೇಲೆ ಕಲ್ಲು ಜೋಡಿಸಿ, ಚೆಂದ ಕಾಣುತ್ತದೆ ಅಂತ ಫೋಟೊ ತೆಗೆದಿದ್ದೆ. ಮೂರು ವಾರ ಆದ ಮೇಲೆ ಒಂದು ಬೆಳಗ್ಗೆ ಕಲ್ಲು ಕುಸಿದಿತ್ತು, ಮೀನು ಕೆಳಗಿತ್ತು. ಅಲ್ಲಿಂದೀಚೆಗೆ ಕಲ್ಲು ಮೊದಲು, ಮರಳು ಆಮೇಲೆ. ನೀವು ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅಡಿಯ ಮರಳು ಸರಿಸಿ, ಗಾಜಿಗೆ ತಾಗಿ ಅಲುಗದಂತೆ ಕೂರಿಸಬೇಕು. ಮೇಲಿನ ಕಲ್ಲುಗಳನ್ನು ಅಕ್ವೇರಿಯಂ ಎಪಾಕ್ಸಿಯಿಂದ ಅಂಟಿಸಿ. ಕೈಯಿಂದ ತಳ್ಳಿ ನೋಡಿ, ಅಲುಗಿದರೆ ಮತ್ತೆ ಕೂರಿಸಿ.

ನಿಮ್ಮ ಸ್ನೇಹಿತ ಹೇಳಿದ ಪೈಪ್ ಕೆಟ್ಟ ಉಪಾಯವಲ್ಲ. ಪ್ಲಂಬಿಂಗ್ ಅಂಗಡಿಯ ಒಂದು ಇಂಚಿನ ಪಿವಿಸಿ ಪೈಪ್ 15 ರಿಂದ 20 ಸೆಂಟಿಮೀಟರ್ ಕತ್ತರಿಸಿ, ಬಾಯಿ ಮಾತ್ರ ಮೇಲೆ ಕಾಣುವಂತೆ ಓರೆಯಾಗಿ ಹೂಳಿ. ಕೆಲವು ಮೀನು ಅದೇ ಸಾಕು ಅಂತ ಒಳಗೆ ಸೇರಿಕೊಳ್ಳುತ್ತವೆ. ಕೆಲವು ಮೂಸಿಯೂ ನೋಡದೆ ಪಕ್ಕದಲ್ಲಿ ತಾವೇ ತೋಡುತ್ತವೆ. ಅದು ಬಾಡಿಗೆ ಮನೆ ಇದ್ದ ಹಾಗೆ, ಇರಲಿ. ಆದರೆ ಒಂದೂವರೆ ಇಂಚು ಮರಳಿನಲ್ಲಿ ಬರೀ ಪೈಪ್ ಮಲಗಿಸಿ ಮುಗಿಸುವುದು ಬೇಡ.

ಪಿಸ್ತೂಲ್ ಸೀಗಡಿಯದು ಬೇರೆ ಸಂಸಾರ. ಅದು ಗೋಬಿ ಜಾತಿಯ ಕೆಲವು ಮೀನುಗಳ ಜೊತೆ ಬದುಕುತ್ತದೆ. ಸೀಗಡಿಗೆ ಕಣ್ಣು ಮಂದ, ಅದು ಬಿಲ ತೋಡುತ್ತದೆ. ಗೋಬಿ ಬಾಗಿಲಲ್ಲಿ ಕೂತು ಕಾವಲು ಕಾಯುತ್ತದೆ. ಸೀಗಡಿಯ ಮೀಸೆ ಸದಾ ಮೀನಿನ ಮೈಗೆ ತಾಗಿರುತ್ತದೆ, ಅಪಾಯ ಬಂದರೆ ಮೀನು ಬಾಲ ಅಲುಗಿಸಿ ತಿಳಿಸುತ್ತದೆ. ಜಾಫಿಶ್‌ಗೆ ಆ ಒಪ್ಪಂದ ಇಲ್ಲ. ತಂದರೆ ಒಂದೇ ಮೂಲೆಗೆ ಇಬ್ಬರು ಮೇಸ್ತ್ರಿಗಳಾಗುತ್ತಾರೆ, ಬಿಲಕ್ಕೆ ಜಗಳ. ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಹೇಳಿಬಿಡುತ್ತೇನೆ. ಜಾಫಿಶ್ ಮರಳು ಜಾಲಾಡಿ ಕ್ಲೀನ್ ಮಾಡುತ್ತದೆ ಅಂತ ಕೆಲವರು ತರುತ್ತಾರೆ. ಅದು ಮರಳನ್ನು ಹೊರುತ್ತದೆ, ಸೋಸಿ ತಿನ್ನುವುದಿಲ್ಲ.

ನನಗೆ ಮರಳಿಗಿಂತ ಹೆಚ್ಚು ಚಿಂತೆ ನಿಮ್ಮ ಡ್ಯಾಮ್ಸೆಲ್‌ಗಳದ್ದು. ನೋಡಲು ಹೆಬ್ಬೆರಳಷ್ಟು, ಬುದ್ಧಿ ಬೀದಿ ಪುಂಡರದ್ದು. ಟ್ಯಾಂಕ್ ತಮ್ಮದು ಅಂತ 14 ತಿಂಗಳು ಆಳಿದ ಮೂರು ಡ್ಯಾಮ್ಸೆಲ್ ನಡುವೆ ಹೊಸ ಜಾಫಿಶ್ ಬಿಟ್ಟರೆ ಅದು ಎಷ್ಟು ಒಳ್ಳೆಯ ಮರಳಿದ್ದರೂ ತೋಡಲು ಹೊರಗೆ ಬರುವುದಿಲ್ಲ. ಊಟ ಬಿದ್ದರೆ ಅವು ನೀರಿನ ಮೇಲೆಯೇ ಮುಗಿಸಿಬಿಡುತ್ತವೆ. ಕ್ಲೌನ್ ಜೋಡಿ ತಮ್ಮ ಮೂಲೆ ಬಿಟ್ಟು ಬಾರದಿದ್ದರೆ ಪರವಾಗಿಲ್ಲ, ಸೀಗಡಿಯಿಂದಲೂ ತೊಂದರೆ ಇಲ್ಲ.

ಹಾಗಾಗಿ ನಿಮ್ಮ ಮುಂದೆ ಮೂರು ದಾರಿ. ಡ್ಯಾಮ್ಸೆಲ್‌ಗಳನ್ನು ಬೇರೆಯವರಿಗೆ ಕೊಟ್ಟು ಇದೇ ಟ್ಯಾಂಕಿನಲ್ಲಿ ಮೂಲೆ ಕಟ್ಟುವುದು ನನ್ನ ಮೊದಲ ಆಯ್ಕೆ. ಇದರಲ್ಲಿ ಕಷ್ಟ ಒಂದೇ, ಡ್ಯಾಮ್ಸೆಲ್ ಹಿಡಿಯುವುದು. ಬಲೆ ಹಿಡಿದು ಅಟ್ಟಿಸಿದರೆ ಹೆದರಿ ಹಾರುವುದು ಜಾಫಿಶ್. ಕಲ್ಲು ಎತ್ತಿ ಕೂರಿಸುವ ದಿನವೇ ನೀರು ಇಳಿಸಿ ಹಿಡಿಯಿರಿ. ಎರಡನೆಯದು, 70 ಲೀಟರಿನಷ್ಟು ಸಣ್ಣ ಟ್ಯಾಂಕ್ ಜಾಫಿಶ್‌ಗೆ ಮಾತ್ರ ಇಡುವುದು. ನೋಡಲು ಅದಕ್ಕಿಂತ ಚೆಂದ ಇಲ್ಲ. ಆದರೆ ಸಣ್ಣ ಟ್ಯಾಂಕಿನಲ್ಲಿ ನೀರು ಆವಿಯಾದರೆ ಉಪ್ಪು ಬೇಗ ಏರುತ್ತದೆ, ದಿನಾ ಆರ್‌ಒ ನೀರು ಸೇರಿಸುವ ಶಿಸ್ತು ಬೇಕು. ಹೊಸ ಟ್ಯಾಂಕ್ ಪಳಗಲು ವಾರಗಳೇ ಹಿಡಿಯುತ್ತದೆ, ನಿಮ್ಮ ಮೀನಿಗೆ ಅಷ್ಟು ಸಮಯವಿಲ್ಲ. ಮೂರನೆಯದು ಅಂಗಡಿಗೆ ವಾಪಸ್. ಅಲ್ಲಿ ಅದು ಮರಳೇ ಇಲ್ಲದ ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಆಳದ ಮರಳು ಈಗಾಗಲೇ ಇರುವ ಹವ್ಯಾಸಿ ಯಾರಾದರೂ ಗೊತ್ತಿದ್ದರೆ ಅವರಿಗೆ ಕೊಡುವುದು ಅದಕ್ಕಿಂತ ಎಷ್ಟೋ ಮೇಲು.

ಈಗಿರುವ ಮೀನಿನ ಆರೋಗ್ಯ ಹೀಗೆ ನೋಡಿ. ತಲೆಯ ಹಿಂದೆ ಬೆನ್ನು ಚಪ್ಪಟೆಯಾಗಿ ಒಳಗೆ ಹೋಗಿದೆಯಾ? ಹೊಟ್ಟೆ ಸೊರಗಿದೆಯಾ? ಕಿವಿರು ಬಿಡುವಿಲ್ಲದೆ ಬಡಿಯುತ್ತಿದೆಯಾ? ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ ಇದೆಯಾ? ಇವು ಯಾವುವೂ ಇಲ್ಲದಿದ್ದರೆ ಔಷಧಿ ಹಾಕಬೇಡಿ. ಹೊಸ ಜಾಗದಲ್ಲಿ ಒಂದು ವಾರ ಅಡಗುವುದು ಈ ಮೀನಿನ ಸ್ವಭಾವ, 12 ದಿನ ಸ್ವಲ್ಪ ಜಾಸ್ತಿಯಾಯಿತು ಅಷ್ಟೇ. ಚುಕ್ಕೆ ಕಂಡರೂ ಈ ಟ್ಯಾಂಕಿಗೆ ತಾಮ್ರದ ಔಷಧಿ ಹಾಕುವಂತಿಲ್ಲ. ಸೀಗಡಿ ಸಾಯುತ್ತದೆ, ಮರಳು ಮತ್ತು ಕಲ್ಲು ತಾಮ್ರವನ್ನು ಹೀರಿ ಇಟ್ಟುಕೊಳ್ಳುತ್ತವೆ. ಚಿಕಿತ್ಸೆಗೆ ಬೇರೆ ಟ್ಯಾಂಕ್, ಒಳಗೆ ಮರಳಿಲ್ಲ, ಅಡಗಲು ಪಿವಿಸಿ ತುಂಡುಗಳು ಮಾತ್ರ.

ಊಟ ಕೈಗೆ ಕೊಟ್ಟ ಹಾಗೆ ಕೊಡಬೇಕು. ಫ್ರೋಜನ್ ಮೈಸಿಸ್ ಸೀಗಡಿ ಕರಗಿಸಿ, ಉದ್ದ ಪೈಪಿನ ಪಿಪೆಟ್‌ನಲ್ಲಿ ತೆಗೆದುಕೊಂಡು ಅದರ ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಮೆಲ್ಲಗೆ ಬಿಡಿ. ಮೈಸಿಸ್ ಸಿಗದಿದ್ದರೆ ಮಾರ್ಕೆಟ್ಟಿನ ಹಸಿ ಸೀಗಡಿಯನ್ನು ಅಕ್ಕಿ ನುಚ್ಚಿನಷ್ಟು ಸಣ್ಣಗೆ ಕೊಚ್ಚಿ ತೊಳೆದು ಕೊಡಬಹುದು. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಚಿಟಿಕೆ. ಆ ಹೊತ್ತಿಗೆ ನೀರು ಅಲೆಯಾಡಿಸುವ ಪಂಪ್, ಅಂದರೆ ವೇವ್‌ಮೇಕರ್, ಹತ್ತು ನಿಮಿಷ ನಿಲ್ಲಿಸಿ. ಮತ್ತೆ ಹಾಕುವುದು ಮರೆಯಬೇಡಿ, ನಾನೂ ಮರೆತಿದ್ದೇನೆ.

ಜೊತೆ ಈಗ ಬೇಡ. ಗುಂಪಿನ ಮೀನು ನಿಜ, ಆದರೆ ಪ್ರತಿಯೊಂದಕ್ಕೂ ಸ್ವಂತ ಬಿಲ ಬೇಕು, ನಡುವೆ ಅಂತರ ಬೇಕು. ಗಂಡು ಹೆಣ್ಣು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಎರಡು ಗಂಡು ಸೇರಿದರೆ ಒಂದು ಹಾರಿ ಹಾರಿ ಮೇಲಿನ ಬಲೆಗೆ ಬಡಿಯುತ್ತಿರುತ್ತದೆ. ಮುಂದೆ ಎಂದಾದರೂ ಜೋಡಿ ಕೂಡಿಬಂದರೆ ಒಂದು ವಿಚಿತ್ರ ನೋಡುತ್ತೀರಿ. ಮೊಟ್ಟೆಗಳನ್ನು ಗಂಡು ಬಾಯಲ್ಲಿ ಇಟ್ಟುಕೊಂಡು ಒಂದು ವಾರಕ್ಕೂ ಹೆಚ್ಚು ಕಾಯುತ್ತದೆ, ಆಗಾಗ ಉಗುಳಿ ಮತ್ತೆ ಬಾಯಿಗೆ ತುಂಬಿಕೊಳ್ಳುತ್ತದೆ.

ನೀಲಿ ಚುಕ್ಕೆಯ ಜಾಫಿಶ್ ಬೇಡವೇ ಬೇಡ. ಅದು ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯದು, ಬಿಸಿ ಕಡಲಿನ ಮೀನಲ್ಲ. 20 ರಿಂದ 22 ಡಿಗ್ರಿ ಆಸುಪಾಸಿನ ನೀರಿನಲ್ಲಿ ಇಟ್ಟರೆ ಬಾಳುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಿ ಲೈಟು, ಪಂಪಿನ ಶಾಖ ಸೇರಿ ಟ್ಯಾಂಕಿನ ನೀರು 29 ದಾಟುವುದು ಮಾಮೂಲು. ವರ್ಷಪೂರ್ತಿ ಚಿಲ್ಲರ್ ಓಡಿಸುವವರು ಮಾತ್ರ ಆಸೆಪಡಬೇಕು. ನಿಮ್ಮ ಹಳದಿ ತಲೆಯದ್ದಕ್ಕೆ 24 ರಿಂದ 27 ಸಾಕು. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೂ ಎರಡು ಡಿಗ್ರಿ ಇಳಿಯುತ್ತದೆ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಹತ್ತಿರ ಇರಲಿ.

ಮೂಲೆ ಸಿದ್ಧವಾದ ಮೇಲೆ ಮೀನನ್ನು ಬಲೆಯಲ್ಲಿ ಹಿಡಿಯದೆ, ಲೋಟದಲ್ಲಿ ನೀರಿನ ಸಮೇತ ಎತ್ತಿ ತಂದು ಅಲ್ಲಿ ಬಿಡಿ. ಬಿಡುವ ಮೊದಲು ಒಂದು ಚಪ್ಪಟೆ ಕಲ್ಲಿನ ಅಂಚಿನಲ್ಲಿ ಬೆರಳಿನಿಂದ ಓರೆಯಾಗಿ ತೂತು ಮಾಡಿಕೊಡಿ. ಆ ರಾತ್ರಿ ತೂತುಗಳಿರುವ ಪಾರದರ್ಶಕ ಡಬ್ಬಿಯೊಂದನ್ನು ಅದರ ಮೇಲೆ ಬೋರಲು ಹಾಕಿದರೆ ಬೇರೆಯವರ ಕಾಟ ಇರುವುದಿಲ್ಲ. ಲೈಟ್ ಒಮ್ಮೆಲೇ ಆರಿಸಬೇಡಿ. ಮೊದಲು ಟ್ಯಾಂಕಿನ ಲೈಟು, ಅರ್ಧ ಗಂಟೆ ಬಿಟ್ಟು ಕೋಣೆಯ ಲೈಟು. ಕರೆಂಟ್ ಹೋದಾಗಲೂ ಪಕ್ಕನೆ ಕತ್ತಲಾಗದಂತೆ ಇನ್ವರ್ಟರ್‌ಗೆ ಒಂದು ಸಣ್ಣ ಬಲ್ಬ್, ಒಂದು ವೇವ್‌ಮೇಕರ್ ಕೊಟ್ಟಿಡಿ.

ಡಬ್ಬಿ ಪಾರದರ್ಶಕ ಇರಲಿ, ಮುಂದಿನ ಗಾಜಿಗೆ ತಾಗಿರಲಿ ಅಂದೆನಲ್ಲ, ಅದಕ್ಕೊಂದು ಕಾರಣ ಇದೆ. ಜಾಫಿಶ್ ಬಹಳ ಸಲ ಗಟ್ಟಿ ಗೋಡೆ ಹಿಡಿದೇ ತೋಡುತ್ತದೆ. ಮೊದಲ ಒಂದು ತಿಂಗಳು ಆ ಭಾಗದ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿಡಿ, ಕತ್ತಲಿದ್ದರೆ ಅದು ಆ ಕಡೆ ಬಿಲ ಮಾಡಲು ಹೆದರುವುದಿಲ್ಲ. ಆಮೇಲೆ ಸಂಜೆ ಹೊತ್ತು ಕಾಗದದ ಒಂದು ಅಂಚು ಎತ್ತಿ ನೋಡಿ. ಅದೃಷ್ಟ ಇದ್ದರೆ ಬಿಲದ ಅರ್ಧ ಸೀಳು ಕಾಣುತ್ತದೆ, ನಿಮ್ಮ ಮರುವಾಯಿ ಚಿಪ್ಪು ಯಾವ ಗೋಡೆಗೆ ಹೋಗಿದೆ ಅಂತಲೂ ಗೊತ್ತಾಗುತ್ತದೆ.